ಪುಣೆಯ ಗುಡ್ಡದಿಂದ ಅರೋರಾ ಕಂಡೀತೇ?

ಸೂರ್ಯನಿಂದ ಸಿಡಿದ ಕಣಗಳು ಭೂಮಿಗೆ ಬಡಿಯುವ ಸೌರ ಬಿರುಗಾಳಿಯ ರಾತ್ರಿ ಅರೋರಾ (ಧ್ರುವಪ್ರಭೆ, ಧ್ರುವಗಳ ಹತ್ತಿರದ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ನೋಡಲು ಪುಣೆ ಸುತ್ತ ಯಾವ ಗುಡ್ಡ ಒಳ್ಳೆಯದು ಅಂತ ಕೇಳಿದ್ದೀರಿ. ಗುಡ್ಡವೇ ಬೇಡ. ನಾನು ಹತ್ತಿ ಇಳಿದವನು.

2024ರ ಮೇ 11, ಶನಿವಾರ. ಹಿಂದಿನ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೊಗಳು ಎಲ್ಲರ ಫೋನಿನಲ್ಲಿದ್ದವು. 2003ರ ನಂತರ ಅಷ್ಟು ದೊಡ್ಡ ಬಿರುಗಾಳಿ ಬಂದಿರಲಿಲ್ಲ. ಕೋಥ್ರುಡ್‌ನಿಂದ ಬೈಕ್ ತೆಗೆದು ಪಾನ್‌ಶೇತ್ ಕಡೆ ಹೋದೆ. ರಾತ್ರಿ ಒಂದೂವರೆಗೆ, ಕ್ಯಾಮೆರಾದ ಶಟರ್ 30 ಸೆಕೆಂಡು ತೆರೆದಿಟ್ಟ ಫೋಟೊದಲ್ಲಿ, ದಿಗಂತದ ಮೇಲೆ ಕೆಂಪು ಬಂತು! ಕೈ ನಡುಗುತ್ತಿತ್ತು. ಹುಬ್ಬಳ್ಳಿಗೆ ಫೋನ್ ಹಚ್ಚಿ ಅಪ್ಪನನ್ನು ಎಬ್ಬಿಸಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು, ಧ್ರುವಪ್ರಭೆಯನ್ನು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿದವರು.

“ಕಣ್ಣಿಗೆ ಕಂಡತೇನೋ, ಬರೇ ಕ್ಯಾಮೆರಾಕ್ಕೋ?”

“ಕ್ಯಾಮೆರಾಕ್ಕ” ಅಂದೆ. ಅಪ್ಪ ಒಂದು ಗಳಿಗೆ ಸುಮ್ಮನಿದ್ದು, ಫೋಟೊ ಕಳಸು ಅಂದರು. ಬೆಳಿಗ್ಗೆ ಓಣಿಗೆಲ್ಲ ತೋರಿಸಿದರು.

ಅವರ ಪ್ರಶ್ನೆಗೆ ನಾನು ಅಲ್ಲೇ ನಿಲ್ಲಬೇಕಿತ್ತು. ಮಧ್ಯಾಹ್ನ ಮಾವಿನ ಮರದ ಕೆಳಗೆ ಅಣ್ಣನ ಮಗಳ ಫೋಟೊ ತೆಗೆಯುವಾಗ ಕ್ಯಾಮೆರಾದ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ‘ಶೇಡ್’ಗೆ (ನೆರಳಿಗೆ) ತಿರುಗಿಸಿದ್ದೆ, ಅದು ಹಾಗೇ ಉಳಿದಿತ್ತು. ನೆರಳಿನ ನೀಲಿ ಕಳೆಯಲು ಆ ಸೆಟ್ಟಿಂಗ್ ಎಲ್ಲದರ ಮೇಲೂ ಕೆಂಪು, ಹಳದಿ ಬಳಿಯುತ್ತದೆ. ನನ್ನ ಲೆನ್ಸ್ ತಿರುಗಿದ್ದು ಈಶಾನ್ಯಕ್ಕೆ. ಅಲ್ಲಿರುವುದು ಪುಣೆ. ಊರಿನ ದೀಪಗಳ ಬೆಳಕು ಬೇಸಿಗೆಯ ಧೂಳಿನಲ್ಲಿ ಹರಡಿತ್ತು, ಅದನ್ನೇ ಕ್ಯಾಮೆರಾ ಕೆಂಪಾಗಿಸಿತ್ತು. ಎರಡು ವಾರ ಬಿಟ್ಟು, ಬಿರುಗಾಳಿಯ ಸುದ್ದಿಯೇ ಇಲ್ಲದ ರಾತ್ರಿ, ಅದೇ ಬಂಡೆ, ಅದೇ ಸೆಟ್ಟಿಂಗ್: ಅದೇ ಕೆಂಪು. ಇಂಥ ಎರಡನೇ ಫೋಟೊ ಜೊತೆಗಿಲ್ಲದ ಅರೋರಾವನ್ನು ನಾನೀಗ ನಂಬುವುದಿಲ್ಲ. ಇದನ್ನು ಫೋನಿನಲ್ಲಿ ಹೇಳಲಾಗದೆ ಅಪ್ಪನ ಹತ್ತಿರ ಹುಬ್ಬಳ್ಳಿಗೇ ಹೋದೆ.

ಹಾನ್ಲೆಗೆ ಕಂಡದ್ದು 200 ಕಿ.ಮೀ.ಗೂ ಮೇಲೆ ಆಮ್ಲಜನಕ ಸೂಸುವ ಕೆಂಪು. ಅಷ್ಟು ಎತ್ತರದ್ದಾದ್ದರಿಂದಲೇ ದೂರಕ್ಕೆ ಕಂಡಿತು. ಹಾನ್ಲೆ ಇರುವುದು 32 ಡಿಗ್ರಿ ಅಕ್ಷಾಂಶದ ಮೇಲೆ, ಪುಣೆ 18ರ ಹತ್ತಿರ. ಮುಂಬೈಯಿಂದ ಅರೋರಾ ಕಂಡ ದಾಖಲೆ ಉಂಟು, 1872ರ ಫೆಬ್ರವರಿ 4ರದ್ದು. ಅಂಥ ರಾತ್ರಿಯನ್ನು ನೆಚ್ಚಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಹಗಲಲ್ಲಿ ಸೂರ್ಯನನ್ನೇ ನೋಡಿ. ಆ ಬಿರುಗಾಳಿ ಹುಟ್ಟಿದ ಸೂರ್ಯಕಲೆಗಳ ಗುಂಪು ಭೂಮಿಯ ಹದಿನೈದು ಪಟ್ಟು ಅಗಲವಿತ್ತು, ಗ್ರಹಣದ ಕನ್ನಡಕ ಹಾಕಿದರೆ ಸಾಕು, ಕಾಣುತ್ತಿತ್ತು. 2019ರ ಡಿಸೆಂಬರ್ ಗ್ರಹಣಕ್ಕೆ ಕೊಂಡ ಕನ್ನಡಕ ನನ್ನ ಕಪಾಟಿನಲ್ಲೂ ಇತ್ತು, ಅಪ್ಪನ ಹತ್ತಿರವೂ ಇತ್ತು. ಆ ಶನಿವಾರ ಇಬ್ಬರೂ ನಮ್ಮ ನಮ್ಮ ಮಾಳಿಗೆಯಿಂದ ಒಟ್ಟಿಗೆ ನೋಡಬಹುದಿತ್ತು. ಅದು ತಪ್ಪಿದ್ದೇ ನನಗೆ ಇವತ್ತಿಗೂ ಸಂಕಟ. (ಫಿಲ್ಟರ್ ಮೇಲೆ ಒಂದು ಗೀರು ಇದ್ದರೂ ಬಿಸಾಡಿ, ಹೊಸದು ತನ್ನಿ.)

ಆಮೇಲೊಂದು ಬೆಳಿಗ್ಗೆ ಅಪ್ಪನೇ ಫೋನ್ ಮಾಡಿದರು. “ಎಡಕ್ಕ, ಸ್ವಲ್ಪ ಕೆಳಗ, ಗಸಗಸಿ ಕಾಳಿನಷ್ಟು. ಕಂಡತೇನು?”

ಕಂಡಿತು, ಕಣ್ಣಿಗೇ.