ಕಾಸರಗೋಡಿನ ಅಜ್ಜಿಮನೆ ಮಾರ್ಲಿಕ್ಕೆ ಪ್ರೊಬೇಟ್ ಬೇಕಾ ಅಂತ ಕೇಳಿದ್ರಲ್ಲ

ಸರ್, ನಿಮ್ಮ ಹೆಂಡತಿಯವ್ರ ಅಜ್ಜಿಮನೆ ಕುಂಬಳೆ ಹತ್ರ ಉಂಟು, ಬಂಟರ ಹಳೇ ಮನೆ, ಅಜ್ಜಿ ತೀರಿಹೋದ್ರು, ಈಗ ಮಾರ್ಬೇಕು, ಬೆಂಗಳೂರಲ್ಲಿ ಯಾರೋ ಪ್ರೊಬೇಟ್ (ವಿಲ್ ಸರಿಯಾದದ್ದು ಅಂತ ಕೋರ್ಟ್ ಕೊಡೋ ಪ್ರಮಾಣಪತ್ರ) ಆಗದೆ ಏನೂ ಆಗಲ್ಲ ಅಂದ್ರು ಅಂತ ಕೇಳಿದ್ರಿ. ಕಾಸರಗೋಡಿನ ಜಾಗಕ್ಕೆ ಇಲ್ಲಿನವ್ರು ಇಲ್ಲೇ ಕೂತು ಬರೆದ ವಿಲ್ಲಿಗೆ ಪ್ರೊಬೇಟ್ ಕಡ್ಡಾಯ ಅಲ್ಲ. ಆ ಕಟ್ಟುಪಾಡು ಇದ್ದದ್ದು ಮುಖ್ಯವಾಗಿ ಮುಂಬೈ, ಕೋಲ್ಕತ್ತ, ಚೆನ್ನೈ ಪಟ್ಟಣಗಳಿಗೆ. ನಮ್ಮವ್ರಲ್ಲಿ ಮುಂಬೈಗೆ ಹೋದವ್ರು ಬಹಳ, ಹಾಗಾಗಿ ಅಜ್ಜಿ ಮಗನ ಜೊತೆ ಮುಂಬೈಯಲ್ಲಿದ್ದಾಗ ವಿಲ್ ಬರೆದಿದ್ರೆ ಮಾತ್ರ ಒಮ್ಮೆ ವಕೀಲರ ಹತ್ರ ವಿಚಾರಿಸಿ. ಇಲ್ಲೇ ಬರೆದದ್ದಾದ್ರೆ ಸಾಕ್ಷಿ ಹಾಕಿದ ಇಬ್ರು ಯಾರು, ಈಗ್ಲೂ ಬದುಕಿದ್ದಾರಾ ಅಂತ ನೋಡಿಕೊಳ್ಳಿ, ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಕೋರ್ಟಲ್ಲಿ ಬೇಕಾಗೋದು ಅವ್ರೇ.

ನಮ್ಮಲ್ಲಿ ಮನೆ ಮಾರಾಟ ನಿಂತುಹೋಗೋದು ಕೋರ್ಟಲ್ಲಿ ಅಲ್ಲ, ಸಹಿಯಲ್ಲಿ. ಯಾರೆಲ್ಲ ಸಹಿ ಹಾಕ್ಬೇಕು ಅಂತ ಗೊತ್ತಾಗ್ಬೇಕಾದ್ರೆ ಮನೆ ಅಜ್ಜಿಯ ಸ್ವಂತದ್ದಾ ಕುಟುಂಬದ್ದಾ ಅಂತ ಮೊದ್ಲು ತಿಳ್ಕೊಳ್ಬೇಕು. ಅಜ್ಜಿಯ ಹೆಸರಿಗೆ ಬಂದ ಆಧಾರ, ಅಂದ್ರೆ ಆಸ್ತಿಪತ್ರ, ತೆಗೆದು ಓದಿ, ಅದು ಕ್ರಯಪತ್ರವಾ, ಭಾಗಪತ್ರವಾ, ಲ್ಯಾಂಡ್ ಟ್ರಿಬ್ಯುನಲ್ ಕೊಟ್ಟ ಪಟ್ಟೆಯಾ ಅಂತ. ಸ್ವಂತದ್ದಾದ್ರೆ ಸುಲಭ, ವಿಲ್ ಇಲ್ಲದಿದ್ರೆ ಗಂಡು ಹೆಣ್ಣು ಮಕ್ಕಳಿಗೆಲ್ಲ ಸಮಪಾಲು, ಒಬ್ರು ಮೊದ್ಲೇ ತೀರಿಹೋಗಿದ್ರೆ ಆ ಪಾಲು ಅವ್ರ ಮಕ್ಕಳಿಗೆ. ಕುಟುಂಬದ್ದಾದ್ರೆ ಬೇರೆಯೇ ಲೆಕ್ಕ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಘಟ್ಟದ ಮೇಲಿನವ್ರಿಗೆ ಇದು ಗೊತ್ತಿರೋದಿಲ್ಲ. ಬಂಟರ ಅಳಿಯಕಟ್ಟಿನಲ್ಲಿ, ಅಂದ್ರೆ ಅಳಿಯಸಂತಾನ ಪದ್ಧತಿಯಲ್ಲಿ, ಆಸ್ತಿ ತಾಯಿಯ ಕಡೆಯಿಂದ ಇಳಿದು ಬರ್ತದೆ. ಮದ್ರಾಸ್ ಸರಕಾರ ಇದ್ದಾಗ 1949ರಲ್ಲಿ ಅಳಿಯಸಂತಾನ ಕಾಯ್ದೆ ಆಯ್ತು, ಆಗ ನಾವೂ ಮಂಗಳೂರಿನವ್ರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. 1956 ನವೆಂಬರ್ 1ಕ್ಕೆ ನಮ್ಮನ್ನ ಕೇರಳಕ್ಕೆ ಸೇರಿಸಿದ್ರು. ಆಮೇಲೆ ಕೇರಳ 1975ರಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡೋ ಕಾನೂನು ತಂತು, ಅದು ಜಾರಿಗೆ ಬಂದದ್ದು 1976 ಡಿಸೆಂಬರ್ 1ಕ್ಕೆ. ಆ ದಿನ ಕುಟುಂಬದಲ್ಲಿ ಜೀವಂತ ಇದ್ದ ಪ್ರತಿಯೊಬ್ಬರಿಗೂ, ತೊಟ್ಟಿಲಲ್ಲಿದ್ದ ಮಗುವಿಗೂ ಸೇರಿ, ತಲೆಗೆ ಒಂದರಂತೆ ಪಾಲು ಬಿತ್ತು. ಮನೆಯನ್ನ ಯಾರೂ ಗೋಡೆ ಹಾಕಿ ಭಾಗ ಮಾಡ್ಲಿಲ್ಲ, ಯಜಮಾನರು ಮೊದ್ಲಿನ ಹಾಗೇ ತೀರುವೆ (ಭೂಕಂದಾಯ) ಕಟ್ಟಿಕೊಂಡು ಬಂದ್ರು, ಆದ್ರೆ ಕಾನೂನಲ್ಲಿ ಪಾಲು ಆಗಿಬಿಟ್ಟಿದೆ. ಈಗ ಅಜ್ಜಿಯ ಅಣ್ಣ ಒಬ್ರು ಇದ್ರು, ಅವ್ರೂ ತೀರಿಹೋದ್ರು ಅಂತ ಇಟ್ಕೊಳ್ಳಿ, ಅವ್ರ ಪಾಲು ಹೋಗೋದು ಅವ್ರ ಹೆಂಡತಿ ಮಕ್ಕಳಿಗೆ. ಹಳೇ ಕಟ್ಟಿನಲ್ಲಿ ಆ ಹೆಂಡತಿ ಮಕ್ಕಳು ಬೇರೆ ಕುಟುಂಬದವ್ರು, ಈ ಮನೆಗೆ ನೆಂಟರ ಹಾಗೆ ಬಂದು ಹೋದವ್ರು, ಈಗ ಅವ್ರ ಸಹಿ ಇಲ್ಲದೆ ಮಾರಾಟ ಪೂರ್ತಿ ಆಗೋದಿಲ್ಲ.

ತಲಪಾಡಿ ದಾಟಿದ್ರೆ ಈ 1976ರ ಲೆಕ್ಕ ಇಲ್ಲ. ಕರ್ನಾಟಕದಲ್ಲಿ ಆ 1949ರ ಕಾಯ್ದೆ ಮತ್ತೆ ಹಿಂದೂ ಉತ್ತರಾಧಿಕಾರ ಕಾಯ್ದೆ ಎರಡನ್ನೂ ಜೊತೆಗಿಟ್ಟು ನೋಡ್ಬೇಕು. ಒಂದೇ ಕುಟುಂಬಕ್ಕೆ ಮಂಜೇಶ್ವರದಲ್ಲೂ ಬಂಟ್ವಾಳದಲ್ಲೂ ಜಾಗ ಇದ್ರೆ ಎರಡಕ್ಕೂ ಬೇರೆ ಬೇರೆ ಲೆಕ್ಕ, ಆದ್ದರಿಂದ ಮಂಗಳೂರಿನ ವಕೀಲರು ಎಷ್ಟೇ ದೊಡ್ಡವ್ರಾದ್ರೂ ಕುಂಬಳೆಯ ಮನೆಗೆ ಕಾಸರಗೋಡಿನವ್ರನ್ನೇ ಹಿಡೀರಿ, ಇದನ್ನ ಒತ್ತಿ ಹೇಳ್ತೇನೆ. ಬ್ಯಾರಿ ಮುಸ್ಲಿಮರು, ಕ್ರಿಶ್ಚಿಯನ್ನರು, ಹವ್ಯಕರು ಇವ್ರಿಗೆಲ್ಲ ಅವರವರ ಕಾನೂನು, ನಿಮಗೆ ಈಗ ಅದು ಬೇಡ.

ಕಾಗದದ ವಿಷಯಕ್ಕೆ ಬರುವ. ಇಲ್ಲಿ ಖಾತೆ, ಪಹಣಿ ಅಂತ ಹುಡುಕ್ಬೇಡಿ, ಸಿಗೋದಿಲ್ಲ. ವಿಲ್ಲೇಜ್ ಆಫೀಸಲ್ಲಿ ತಂಡಪ್ಪೇರ್ ನಂಬ್ರ ಅಂತ ಇರ್ತದೆ, ಅದ್ರಲ್ಲಿ ಯಾರ ಹೆಸರು ಉಂಟೋ ಅವ್ರ ಹೆಸರಲ್ಲಿ ತೀರುವೆ ರಶೀದಿ. ಅಜ್ಜಿ ಹೆಸರು ತೆಗೆದು ವಾರಸುದಾರರ ಹೆಸರು ಹತ್ತಿಸೋದಕ್ಕೆ ಪೋಕ್‌ವರವು ಅಂತಾರೆ. ಅದಕ್ಕೆ ಮರಣ ಸರ್ಟಿಫಿಕೇಟ್ ಬೇಕು, ತಹಶೀಲ್ದಾರ್ ಕೊಡೋ ವಾರಸುದಾರರ ಸರ್ಟಿಫಿಕೇಟ್ ಬೇಕು. ಅದನ್ನ ಕೊಡೋ ಮುಂಚೆ ವಿಲ್ಲೇಜ್ ಆಫೀಸಿನವ್ರು ಊರಲ್ಲಿ ವಿಚಾರಣೆ ಮಾಡ್ತಾರೆ, ಗೆಜೆಟಲ್ಲಿ ಹಾಕಿ ಆಕ್ಷೇಪ ಕೇಳ್ತಾರೆ, ಹಾಗಾಗಿ ವಾರದಲ್ಲಿ ಬಂದು ಮುಗಿಸಿ ಹೋಗುವ ಅಂತ ಲೆಕ್ಕ ಹಾಕ್ಬೇಡಿ. ಯಾರ ಹೆಸರನ್ನೂ ಬಿಡ್ಬೇಡಿ, ಮಾತು ಬಿಟ್ಟ ಚಿಕ್ಕಮ್ಮ ಇದ್ರೂ ಹಾಕಿ. ಇಷ್ಟಾದ ಮೇಲೆ ಕುಡಿಕ್ಕಡ ಸರ್ಟಿಫಿಕೇಟ್, ಅಂದ್ರೆ ನಿಮ್ಮ ಕಡೆಯ ಇಸಿ (ಜಾಗದ ಮೇಲೆ ಸಾಲ, ಋಣ ಉಂಟಾ ಅಂತ ತೋರಿಸೋ ಕಾಗದ), ಮತ್ತೆ ಪೊಸೆಷನ್ ಸರ್ಟಿಫಿಕೇಟ್, ಸ್ಕೆಚ್ಚು, ಇವೆಲ್ಲ ತಗೊಳ್ಬೇಕಾಗ್ತದೆ. ಹಳೇ ಆಧಾರಗಳು ಕನ್ನಡದಲ್ಲಿರ್ತವೆ, ಈಗಿನವು ಹೆಚ್ಚಿನವು ಮಲಯಾಳದಲ್ಲಿ. ಓದ್ಲಿಕ್ಕೆ ಬಾರದ ಕಾಗದಕ್ಕೆ ದಯವಿಟ್ಟು ಸಹಿ ಹಾಕ್ಬೇಡಿ, ಎರಡೂ ಭಾಷೆ ಬಲ್ಲ ಆಧಾರ ಬರೆಯುವವ್ರು ಇಲ್ಲಿದ್ದಾರೆ, ಒಂದೊಂದು ಸಾಲು ಓದಿಸಿ ಅರ್ಥ ಕೇಳಿ, ಅದ್ರಲ್ಲಿ ಸಂಕೋಚ ಪಡೋದೇನಿಲ್ಲ.

ಸರ್ವೆ, ರಿಜಿಸ್ಟ್ರೇಷನ್, ರೆವಿನ್ಯೂ ಮೂರನ್ನೂ ಒಂದೇ ಕಡೆ ಸೇರಿಸಿದ ಎಂಡೆ ಭೂಮಿ ಪೋರ್ಟಲ್ 2024ರಲ್ಲಿ ಮೊದ್ಲು ಶುರುವಾದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರ್ ಗ್ರಾಮದಲ್ಲೇ, ಹಾಗಾಗಿ ನಿಮ್ಮ ಗ್ರಾಮದ ಡಿಜಿಟಲ್ ಸರ್ವೆ ಮುಗಿದಿದ್ಯಾ ಅಂತ ಕೇಳಿ. ಮುಗಿದಿದ್ರೆ ಆಧಾರದಲ್ಲಿರೋ ಸೆಂಟ್ಸಿಗೂ ಹೊಸ ಅಳತೆಗೂ ತಾಳೆ ಆಗ್ತದಾ ನೋಡಿ.

ಜಾಗದ ಬಗ್ಗೆ ಎರಡು ವಿಷಯ ಹೊರಗಿನವ್ರಿಗೆ ಹೊಳೆಯೋದಿಲ್ಲ. ಮನೆ ಹಿಂದಿನ ಗುಡ್ಡೆ ಪೂರ್ತಿ ನಮ್ದೇ ಅಂತ ಎಲ್ಲ ಅಜ್ಜಂದಿರೂ ಹೇಳ್ತಿದ್ರು, ಆದ್ರೆ ಅದು ಕುಮ್ಕಿ ಆಗಿರೋ ಸಾಧ್ಯತೆ ಬಹಳ. ಕುಮ್ಕಿ ಅಂದ್ರೆ ಸರಕಾರದ ಜಾಗ, ವರ್ಗದಾರರಿಗೆ (ಪಕ್ಕದ ಪಟ್ಟಾ ಜಮೀನಿನವ್ರಿಗೆ) ಸೊಪ್ಪು, ಕಟ್ಟಿಗೆ, ಹುಲ್ಲು ತರ್ಲಿಕ್ಕೆ ಹಕ್ಕು ಅಷ್ಟೇ, ಅದನ್ನ ಕ್ರಯಕ್ಕೆ ಹಾಕ್ಲಿಕ್ಕೆ ಬರೋದಿಲ್ಲ. ಇನ್ನೊಂದು, ಎದುರಿನ ಜಾಗ ಈಗ ತೋಟ ಆಗಿದ್ರೂ ರೆಕಾರ್ಡಲ್ಲಿ ಇನ್ನೂ ಗದ್ದೆ ಅಂತಲೇ ಇರಬಹುದು. 2008ರ ಕೇರಳದ ಗದ್ದೆ ಸಂರಕ್ಷಣೆ ಕಾಯ್ದೆ ಪ್ರಕಾರ ಅದ್ರಲ್ಲಿ ಮನೆ ಕಟ್ಲಿಕ್ಕೆ ಪರವಾನಗಿ ಸಿಗೋದು ಕಷ್ಟ, ತಗೊಳ್ಳುವವ್ರು ಬೇಸಿಕ್ ಟ್ಯಾಕ್ಸ್ ರಿಜಿಸ್ಟರ್ ನೋಡಿದ ಕೂಡ್ಲೇ ರೇಟು ಇಳಿಸ್ತಾರೆ. ಮಾತುಕತೆಗೆ ಕೂರೋ ಮುಂಚೆಯೇ ಇವೆರಡನ್ನೂ ನೋಡಿಟ್ಕೊಳ್ಳಿ. ಸ್ಟಾಂಪಿಗೆ 8 ಪರ್ಸೆಂಟ್, ರಿಜಿಸ್ಟ್ರೇಷನ್ನಿಗೆ 2 ಪರ್ಸೆಂಟ್ ತಗೊಳ್ಳುವವ್ರ ತಲೆ ಮೇಲೆ ಬೀಳ್ತದೆ, ಹಾಗಾಗಿ ಚೌಕಾಸಿ ಇದ್ದೇ ಇರ್ತದೆ. ಕುಟುಂಬದೊಳಗೇ ಯಾರಾದ್ರೂ ಉಳಿದವ್ರ ಪಾಲು ಬಿಡಿಸ್ಕೊಳ್ಳೋದಾದ್ರೆ ಸ್ಟಾಂಪ್ ಖರ್ಚು ತುಂಬಾ ಕಡಿಮೆ, ಮನೆ ಉಳಿಸ್ಕೊಳ್ಳುವ ಮನಸ್ಸು ಒಬ್ರಿಗಾದ್ರೂ ಇದ್ರೆ ಆ ದಾರಿಯನ್ನ ಮೊದ್ಲು ಯೋಚಿಸಿ ಅಂತ ನನ್ನ ಆಸೆ.

ಕೊನೆಗೆ ದೈವದ ವಿಷಯ. ಹಳೇ ಬಂಟರ ಮನೆ ಅಂದ್ಮೇಲೆ ಚಾವಡಿಯಲ್ಲಿ ಮಂಚವೋ, ಹೊರಗೆ ಗುಡಿಯೋ, ಮೂಲೆಯಲ್ಲಿ ನಾಗನ ಕಟ್ಟೆಯೋ ಇದ್ದೇ ಇರ್ತದೆ. ಇದನ್ನ ಮೂಢನಂಬಿಕೆ ಅಂತ ಪಕ್ಕಕ್ಕೆ ತಳ್ಳಬೇಡಿ, ಇದು ಇತ್ಯರ್ಥ ಆಗದೆ ಹಿರಿಯರು ಪೆನ್ನು ಮುಟ್ಟೋದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಮಾಡೋದು ಏನಂದ್ರೆ ಗುಡಿ ಇರೋ ಒಂದೆರಡು ಸೆಂಟ್ಸ್ ಮಾರಾಟದಿಂದ ಹೊರಗಿಡ್ತಾರೆ, ರಸ್ತೆಯಿಂದ ಅಲ್ಲಿಗೆ ಹೋಗೋ ದಾರಿಯನ್ನೂ ಅಗಲ ಸಮೇತ ಆಧಾರದಲ್ಲಿ ಬರೆಸ್ತಾರೆ. ಕೆಲವು ಕುಟುಂಬದವ್ರು ಆ ಭಾಗಕ್ಕೆ ಒಂದು ಟ್ರಸ್ಟ್ ಮಾಡಿ ಜಾಗವನ್ನ ಅದಕ್ಕೆ ಬರೆದುಕೊಡ್ತಾರೆ, ನನಗೆ ಇದೇ ಸರಿ ಅನ್ನಿಸ್ತದೆ, ಯಾಕಂದ್ರೆ ಒಬ್ಬನ ಹೆಸರಲ್ಲಿ ಇಟ್ರೆ ಅವನ ಮಕ್ಕಳ ಕಾಲಕ್ಕೆ ಮತ್ತೆ ಅದೇ ವಾರಸುದಾರಿಕೆಯ ಗೋಜಲು. ದಾರಿ ಬರೆಸದೆ ಬಾಯಿಮಾತಲ್ಲಿ ಬಿಟ್ರೆ ತಗೊಂಡವ್ರು ಇನ್ನೊಬ್ರಿಗೆ ಮಾರಿದ ಮೇಲೆ ಗೇಟಿಗೆ ಬೀಗ ಬೀಳ್ತದೆ.

ಗಲ್ಫಲ್ಲಿರೋ ಪಾಲುದಾರರು ಪವರ್ ಆಫ್ ಅಟಾರ್ನಿ ಕಳಿಸೋದಾದ್ರೆ ಅಲ್ಲಿನ ಭಾರತದ ಎಂಬಸಿ ಅಥವಾ ಕಾನ್ಸುಲೇಟಲ್ಲಿ ಅಟೆಸ್ಟ್ ಮಾಡಿಸಿ ಕಳಿಸ್ಲಿ, ಊರಿಗೆ ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಮಾಡಿಸ್ಬೇಕು. ಉಳಿದವ್ರೆಲ್ಲ ಹೇಗೂ ವರ್ಷಕ್ಕೊಮ್ಮೆ ದೈವದ ಕೋಲಕ್ಕೋ ತಂಬಿಲಕ್ಕೋ ಊರಿಗೆ ಬರ್ತಾರೆ, ಆ ತಾರೀಕು ಕೇಳ್ಕೊಂಡು ಕರಡು ಆಧಾರ ಅಷ್ಟರೊಳಗೆ ರೆಡಿ ಮಾಡಿಸಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಮರುದಿನದ ಟೋಕನ್ ತೆಗೆದಿಡಿ.