ಪೂರ್ವಕ್ಕೆ ಹಾರುವ ವಿಮಾನದಲ್ಲಿ ನಮ್ಮ ತೂಕ ಕಡಿಮೆ ಆಗುತ್ತದೆಯೇ?

ಆಗುತ್ತದೆ, ಆದರೆ ತೀರಾ ಸ್ವಲ್ಪ.

ಸಮಭಾಜಕ ವೃತ್ತದಲ್ಲಿ ನೆಲವೇ ಗಂಟೆಗೆ ಸುಮಾರು 1670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುತ್ತದೆ. ಹೀಗೆ ಸುತ್ತುವ ನಮ್ಮನ್ನು ಆ ಸುತ್ತಿನಲ್ಲೇ ಹಿಡಿದಿಡಲು ಗುರುತ್ವದ ಒಂದು ಚೂರು ಖರ್ಚಾಗುತ್ತದೆ. ಉಳಿದದ್ದನ್ನೇ ತೂಕದ ಯಂತ್ರ ತೋರಿಸುವುದು. (ಸ್ಪ್ರಿಂಗ್ ಇರುವ ಯಂತ್ರ ಬೇಕು. ತಕ್ಕಡಿಯಲ್ಲಾದರೆ ಬಟ್ಟಿನ ತೂಕವೂ ಅಷ್ಟೇ ಇಳಿಯುತ್ತದೆ, ಏನೂ ಗೊತ್ತಾಗುವುದಿಲ್ಲ.)

ಪೂರ್ವಕ್ಕೆ ಹೋದರೆ ನಮ್ಮ ವೇಗ ಭೂಮಿಯ ವೇಗಕ್ಕೆ ಸೇರುತ್ತದೆ, ಖರ್ಚು ಜಾಸ್ತಿ. ಪಶ್ಚಿಮಕ್ಕೆ ಹೋದರೆ ಕಳೆಯುತ್ತದೆ, ಖರ್ಚು ಕಡಿಮೆ. ಸಮಭಾಜಕದ ಮೇಲೆ ಗಂಟೆಗೆ 900 ಕಿ.ಮೀ. ವೇಗದ ವಿಮಾನದಲ್ಲಿ 70 ಕೆ.ಜಿ. ತೂಗುವವರು ಪೂರ್ವಕ್ಕೆ ಹೊರಟರೆ ಸುಮಾರು 330 ಗ್ರಾಂ ಇಳಿಯುತ್ತಾರೆ. ಪಶ್ಚಿಮಕ್ಕೆ ಹೊರಟರೆ ಸುಮಾರು 190 ಗ್ರಾಂ ಏರುತ್ತಾರೆ. ಎತ್ತರಕ್ಕೆ ಏರಿದ್ದರಿಂದ ಕಡಿಮೆಯಾಗುವ ತೂಕ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ. ಧ್ರುವಗಳ ಕಡೆ ಹೋದಂತೆ ಈ ಪೂರ್ವ-ಪಶ್ಚಿಮದ ವ್ಯತ್ಯಾಸ ಕರಗುತ್ತಾ ಹೋಗುತ್ತದೆ.

ಇದಕ್ಕೆ ಎಟ್ವಶ್ ಪರಿಣಾಮ ಅಂತ ಹೆಸರು. ಹಡಗುಗಳ ಮೇಲೆ ಅಳೆದ ಗುರುತ್ವದ ಲೆಕ್ಕದಲ್ಲಿ ಈ ಏರುಪೇರನ್ನು ಗುರುತಿಸಿದ್ದು ಹಂಗೇರಿಯ ವಿಜ್ಞಾನಿ ಲೊರಾಂಡ್ ಎಟ್ವಶ್. 1908ರಲ್ಲಿ ಕಪ್ಪು ಸಮುದ್ರದಲ್ಲಿ ಒಂದು ಹಡಗನ್ನು ಪೂರ್ವಕ್ಕೆ, ಇನ್ನೊಂದನ್ನು ಪಶ್ಚಿಮಕ್ಕೆ ಓಡಿಸಿ ಪರೀಕ್ಷೆ ಮಾಡಿದರು, ಲೆಕ್ಕ ಸರಿಯಾಗಿತ್ತು. ಹಡಗು, ವಿಮಾನಗಳಿಂದ ಗುರುತ್ವ ಅಳೆಯುವವರು ಈಗಲೂ ಈ ತಿದ್ದುಪಡಿ ಹಾಕಿಯೇ ಮುಂದುವರಿಯುತ್ತಾರೆ.