ರಕ್ತ ಬಂತು, ಯೂರಿನ್ ಯಾಕೆ ಬರಲಿಲ್ಲ? ನಿಮ್ಮ ಲೇಖನದ ಬಗ್ಗೆ ನಾಲ್ಕು ಮಾತು

ನಮಸ್ಕಾರ.

ರಕ್ತ ಪೂರೈಕೆ ನಿಂತು ಕಿಡ್ನಿಗೆ ಪೆಟ್ಟಾಗುವುದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಐದನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಆಪರೇಷನ್ನಿನಲ್ಲಿ ತುಂಬಾ ರಕ್ತ ಹೋದ ರೋಗಿ, ಐಸಿಯು, ರಾತ್ರಿ. ನರ್ಸ್ ಗಂಟೆಗೊಮ್ಮೆ ಬಗ್ಗಿ ಯೂರಿನ್ ಬ್ಯಾಗಿನ ಗೆರೆ ನೋಡುತ್ತಾರೆ. 12 ಮಿಲಿ ಎಂದು ಬರೆಯುತ್ತಾರೆ, ಆಮೇಲೆ 9 ಮಿಲಿ. ಅರವತ್ತು ಕೆಜಿ ತೂಕದವರಿಗೆ ಗಂಟೆಗೆ ಕನಿಷ್ಠ 30 ಮಿಲಿಯಾದರೂ ಬರಬೇಕು. ರಕ್ತ ಕೊಟ್ಟಾಗಿದೆ, ಬಿಪಿ ಸರಿಹೋಗಿದೆ, ಯೂರಿನ್ ಮಾತ್ರ ಇಲ್ಲ.

ಯಾಕಿಲ್ಲ? ಓದುಗರಿಗೆ ಬೇಕಾದ ಪ್ರಶ್ನೆ ಇದೇ ಅಲ್ವಾ? ಅದನ್ನು ನಾಲ್ಕು ಪುಟದ ಹಿಂದೆ ಬಚ್ಚಿಟ್ಟಿದ್ದೀರಿ. ಕಿಡ್ನಿಯ ಆಕಾರ, ಬಣ್ಣ, ಉದ್ದ ಎಲ್ಲ ಶಾಲೆಯ ಪುಸ್ತಕದಲ್ಲಿದೆ, ತೆಗೆದುಹಾಕಿ.

ಕಿಡ್ನಿಯನ್ನು ಜರಡಿ ಎಂದು ಮೂರು ಕಡೆ ಕರೆದಿದ್ದೀರಿ. ಈ ಹೋಲಿಕೆಯೇ ನಿಮ್ಮನ್ನು ದಾರಿ ತಪ್ಪಿಸಿದೆ. ಜರಡಿ ಸುಮ್ನೆ ಇರುತ್ತದೆ, ಅದಕ್ಕೆ ಹಸಿವಿಲ್ಲ. ಕಿಡ್ನಿಯಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಹೋಗುತ್ತದೆ, ಹೊರಗೆ ಬರುವುದು ಒಂದೂವರೆ ಎರಡು ಲೀಟರ್. ಉಳಿದದ್ದನ್ನೆಲ್ಲ ಸಣ್ಣ ನಾಳಗಳ ಜೀವಕೋಶಗಳು ವಾಪಸ್ ಎಳೆದುಕೊಳ್ಳುತ್ತವೆ. ಉಪ್ಪನ್ನು ಹೀಗೆ ಎಳೆಯುವುದು ಭಾರೀ ದುಡಿಮೆ, ಅದಕ್ಕೆ ಆಮ್ಲಜನಕ ಬೇಕೇ ಬೇಕು.

'ಕಿಡ್ನಿಗೆ ಧಾರಾಳ ರಕ್ತ ಸಿಗುವುದರಿಂದ ಅದು ತಡೆದುಕೊಳ್ಳುತ್ತದೆ' ಎಂದೂ ಬರೆದಿದ್ದೀರಿ. ಮೊದಲರ್ಧ ನಿಜ. ಎರಡೂ ಸೇರಿ 300 ಗ್ರಾಂ ಇರುವ ಅಂಗಕ್ಕೆ ನಿಮಿಷಕ್ಕೆ ಒಂದು ಲೀಟರಿಗೂ ಜಾಸ್ತಿ ರಕ್ತ ಹೋಗುತ್ತದೆ. ಆದರೆ ಅದರ ಬಹುಪಾಲು ಹೊರಪದರಕ್ಕೇ ಮುಗಿಯುತ್ತದೆ. ಒಳಪದರಕ್ಕೆ ಸಿಗುವುದು ಕಡಿಮೆ. ಅಲ್ಲಿನ ನಾಳಗಳು ಆರೋಗ್ಯವಾಗಿರುವ ದಿನಗಳಲ್ಲೂ ಆಮ್ಲಜನಕಕ್ಕೆ ಕಷ್ಟಪಡುತ್ತಲೇ ಇರುತ್ತವೆ. ಬಿಪಿ ಬಿದ್ದಾಗ ಮೊದಲ ಪೆಟ್ಟು ಅಲ್ಲಿಗೇ. ಇದನ್ನು ಬಿಡಿಸಿ ಬರೆಯಿರಿ, ಒಂದು ಪುಟ ಹೋದರೂ ಪರವಾಗಿಲ್ಲ.

'ರಕ್ತ ನಿಂತರೆ ಜೀವಕೋಶಗಳು ಸಾಯುತ್ತವೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿದ್ದೀರಿ. ಅಷ್ಟು ಅವಸರ ಬೇಡ. ಮೊದಲ ಹಂತದಲ್ಲಿ ಏನೂ ಸತ್ತಿರುವುದಿಲ್ಲ. ರಕ್ತ ಕಡಿಮೆಯಾಗಿದೆ ಎಂದು ಕಿಡ್ನಿ ನೀರು, ಉಪ್ಪನ್ನು ಬಿಗಿಹಿಡಿಯುತ್ತದೆ. ಈ ಹೊತ್ತಿಗೆ ಡ್ರಿಪ್ ಅಥವಾ ರಕ್ತ ಕೊಟ್ಟರೆ ಯೂರಿನ್ ಮತ್ತೆ ಬರುತ್ತದೆ. ಅದು ತಡವಾದರೆ ನಾಳದ ಜೀವಕೋಶಗಳಲ್ಲಿ ಶಕ್ತಿ ಖಾಲಿಯಾಗುತ್ತದೆ. ಕೆಲವು ಸಾಯುತ್ತವೆ. ಕೆಲವು ಜೀವ ಇರುವಾಗಲೇ ಗೋಡೆಯಿಂದ ಕಳಚಿ ನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಸೋಸಿದ ದ್ರವಕ್ಕೆ ಮುಂದೆ ದಾರಿಯಿಲ್ಲ, ಬರಿದಾದ ಗೋಡೆಯಿಂದ ಹಿಂದಕ್ಕೆ ಸೋರುತ್ತದೆ. ಆ ರೋಗಿಯ ಯೂರಿನ್ನನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಸರು ಬಣ್ಣದ, ಕಾಳುಕಾಳಾದ ಉದ್ದನೆಯ ಅಚ್ಚುಗಳು ಕಾಣುತ್ತವೆ. ಅದು ನಾಳದ ಒಳಗೋಡೆಯೇ ಉದುರಿ ಬಂದದ್ದು. ರಕ್ತ ವಾಪಸ್ ಬರುವಾಗಲೂ ಸ್ವಲ್ಪ ಹಾನಿ ಮಾಡಿಯೇ ಬರುತ್ತದೆ, ಅದನ್ನೂ ಹೇಳಿ. ಬಿಪಿ ಸರಿಹೋದರೂ ಬ್ಯಾಗು ಯಾಕೆ ತುಂಬಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಕಿಡ್ನಿಯ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಳ್ಳುವ ಕಥೆಯೇ ಬೇರೆ. ಹೃದಯದ ಬಡಿತ ಏರುಪೇರಾದವರಲ್ಲಿ ಹೀಗಾಗುವುದುಂಟು. ಪಕ್ಕೆಯಲ್ಲಿ ಇದ್ದಕ್ಕಿದ್ದಂತೆ ನೋವು, ಕಿಡ್ನಿಯ ಒಂದು ಭಾಗವೇ ಸಾಯುವುದು, ಸತ್ತ ಭಾಗ ಮರಳದಿರುವುದು. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ. ಇದನ್ನು ಪುಟ್ಟ ಬಾಕ್ಸಿಗೆ ಹಾಕಿ.

ಇನ್ನು ಚಿಕಿತ್ಸೆ. 'ಅತ್ಯಾಧುನಿಕ ಚಿಕಿತ್ಸೆಗಳು' ಅಂತ ತಲೆಬರಹ ಕೊಟ್ಟು ಕಾಂಡಕೋಶಗಳ (ಸ್ಟೆಮ್ ಸೆಲ್) ಬಗ್ಗೆ ಎರಡು ಪುಟ ಬರೆದಿದ್ದೀರಿ. ಪೆಟ್ಟಾದ ನಾಳಗಳನ್ನು ಬೇಗ ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ. ಮೊದಲು ಅದನ್ನು ಹೇಳಿ. ಕಡಿಮೆ ಪ್ರಮಾಣದ ಡೋಪಮಿನ್ (ಬಿಪಿ ಏರಿಸಲು ಬಳಸುವ ಔಷಧಿ) ಕಿಡ್ನಿಯನ್ನು ಕಾಪಾಡುತ್ತದೆ ಎಂದು ಐಸಿಯುಗಳಲ್ಲಿ ವರ್ಷಗಟ್ಟಲೆ ಕೊಟ್ಟರು. 2000ನೇ ಇಸವಿಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವೈದ್ಯರು 300ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲ. ಫ್ಯೂರೋಸೆಮೈಡ್ ಎಂಬ ಔಷಧಿ ಯೂರಿನ್ ಜಾಸ್ತಿ ಮಾಡಬಹುದು, ಕಿಡ್ನಿಯನ್ನು ಬೇಗ ಗುಣಪಡಿಸುವುದಿಲ್ಲ. ಹೀಗೆ ಸೋತ ಪ್ರಯತ್ನಗಳ ಮೇಲೆ ಬರೆಯುವವರು ಕಡಿಮೆ, ನೀವಾದರೂ ಬರೆಯಿರಿ.

ಹಾಗಾದರೆ ಡಾಕ್ಟರು ಏನು ಮಾಡುತ್ತಾರೆ? ರಕ್ತಸ್ರಾವವೋ ಸೋಂಕೋ, ಮೂಲ ಕಾರಣ ಸರಿಪಡಿಸುತ್ತಾರೆ. ದ್ರವ ಕೊಡುತ್ತಾರೆ, ಆದರೆ ಅಳೆದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನಿಲ್ಲಿಸುತ್ತಾರೆ. ಬೇರೆ ಔಷಧಿಗಳ ಡೋಸ್ ಮತ್ತೆ ಲೆಕ್ಕ ಹಾಕುತ್ತಾರೆ. ಪೊಟ್ಯಾಶಿಯಂ ಅಪಾಯದ ಮಟ್ಟಕ್ಕೆ ಏರಿದರೆ ಹೃದಯ ಕಾಯಲು ಕ್ಯಾಲ್ಸಿಯಂ, ಪೊಟ್ಯಾಶಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳಲು ಗ್ಲೂಕೋಸ್ ಜೊತೆ ಇನ್ಸುಲಿನ್. ಅದಕ್ಕೂ ಬಗ್ಗದಿದ್ದರೆ ಡಯಾಲಿಸಿಸ್.

ಡಯಾಲಿಸಿಸ್ ಕಿಡ್ನಿಯನ್ನು ವಾಸಿ ಮಾಡುವುದಿಲ್ಲ, ಅದು ವಾಸಿಯಾಗುವ ತನಕ ರೋಗಿಯನ್ನು ಉಳಿಸಿಕೊಳ್ಳುತ್ತದೆ. ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡುವ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಆದರೂ ಲೇಖನದಲ್ಲಿ ಎಲ್ಲೂ ಇಲ್ಲ! ಡಯಾಲಿಸಿಸ್ ಯಂತ್ರ ಕಟ್ಟಿದ ನೆದರ್ಲೆಂಡ್ಸಿನ ವೈದ್ಯ ವಿಲ್ಲೆಮ್ ಕೋಲ್ಫ್ ವಿಷಯವನ್ನು ಕೊನೆಯಲ್ಲಿ ಚರಿತ್ರೆ ಅಂತ ಸೇರಿಸಿದ್ದೀರಿ. ಇಲ್ಲಿಗೆ ತನ್ನಿ. 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ಹೆಂಗಸು ಅವರ ಯಂತ್ರದಿಂದ ಉಳಿದರು. ಯಂತ್ರ ಸಮಯ ಕೊಟ್ಟಿತು, ಆಮೇಲೆ ಕಿಡ್ನಿ ತಾನಾಗಿ ಚೇತರಿಸಿಕೊಂಡಿತು.

ಚೇತರಿಕೆಯ ಭಾಗ ತೀರಾ ಬಡವಾಗಿದೆ. ಉಳಿದ ಜೀವಕೋಶಗಳು ಹರಡಿಕೊಂಡು, ಒಡೆದು ಎರಡಾಗಿ, ಬರಿದಾದ ಗೋಡೆಯನ್ನು ಮತ್ತೆ ಮುಚ್ಚುತ್ತವೆ. ಸಾಮಾನ್ಯವಾಗಿ ಒಂದರಿಂದ ಮೂರು ವಾರ. 'ಯೂರಿನ್ ಬಂತು, ಕಿಡ್ನಿ ಗುಣವಾಯಿತು' ಎಂದಿದ್ದೀರಿ, ತಪ್ಪು. ಕೆಲವರಿಗೆ ಆಗ ದಿನಕ್ಕೆ ಲೀಟರುಗಟ್ಟಲೆ ಯೂರಿನ್ ಹೋಗುತ್ತದೆ, ಜೊತೆಗೆ ಉಪ್ಪು, ಪೊಟ್ಯಾಶಿಯಂ ಕೂಡ. ಕಿಡ್ನಿ ಹೊರಹಾಕಬೇಕಾದ ಕಸ, ಕ್ರಿಯಾಟಿನಿನ್, ರಕ್ತದಲ್ಲಿ ಇಳಿಯಲು ಇನ್ನೂ ದಿನ ಬೇಕು. ಮೊದಲೇ ಕಿಡ್ನಿ ಕಾಯಿಲೆ ಇದ್ದವರು ಪೂರ್ತಿ ಮರಳದೇ ಇರಬಹುದು. ಮರಳಿದವರೂ ಮೂರು ತಿಂಗಳಿಗೆ ರಕ್ತ, ಯೂರಿನ್ ಪರೀಕ್ಷೆ ಮಾಡಿಸಬೇಕು.

ಒಂದು ಸಾಲನ್ನಂತೂ ಈಗಲೇ ಅಳಿಸಿ: 'ದಿನಕ್ಕೆ ಐದು ಲೀಟರ್ ನೀರು ಕುಡಿದರೆ ಕಿಡ್ನಿ ತೊಳೆದು ಸ್ವಚ್ಛವಾಗುತ್ತದೆ.' ಯೂರಿನ್ನೇ ಬರದವರು ಇದನ್ನು ನಂಬಿ ಕುಡಿದರೆ ನೀರು ಶ್ವಾಸಕೋಶಕ್ಕೆ ತುಂಬುತ್ತದೆ.

ಉದ್ದ ಅರ್ಧಕ್ಕೆ ಇಳಿಸಿ. ರೋಗಿಯ ಊರು, ಬೆಡ್ ನಂಬರ್ ತೆಗೆಯಿರಿ. ಕಳಿಸುವ ಮುಂಚೆ ನಿಮ್ಮ ಘಟಕದ ಕಿಡ್ನಿ ತಜ್ಞರಿಗೆ ಒಮ್ಮೆ ತೋರಿಸಿ. ಪೊಟ್ಯಾಶಿಯಂ ಅಂಕಿ ಎರಡು ಪುಟಗಳಲ್ಲಿ ಬೇರೆಬೇರೆ ಇದೆ, ಯಾವುದು ಸರಿ ಅಂತ ಅವರನ್ನೇ ಕೇಳಿ.